‘ಸಿ’ ಇದ್ದ ನೀಲಿ ಚೀಟಿ

ಜೂನ್ ೯

ಸೊಸೆಗೆ ಅತ್ತೆಯ ಆಶೀರ್ವಾದ.

“ಫೋನ್ ಮಾಡಿದ್ರೆ ಆಗ್ತಿರ್ಲಿಲ್ವಾ ಅಮ್ಮಾ?” ಎಂದು ನಿನ್ನ ಗಂಡ ಕೇಳಿದ. “ಫೋನಿಗೆ ಸ್ಟಾಂಪ್ ಎಲ್ಲಿ ಅಂಟಿಸ್ತೀಯೋ?” ಎಂದೆ. ತನ್ನ ಬೇಕರಿಗೆ ಹೊರಟೇಬಿಟ್ಟ. ಅಕ್ಷರ ಕುಂಬಳಕಾಯಿಯಷ್ಟು ದಪ್ಪಗಿದೆ, ಸಾಲುಗಳು ಓರೆಯಾಗಿ ಮೇಲಕ್ಕೆ ಹತ್ತುತ್ತಿವೆ ಎಂದು ನನಗೂ ಗೊತ್ತು. ನಗಬೇಡ.

ಕಣ್ಣಿನ ಡಾಕ್ಟರು ಕಾಗದದ ಮೇಲೆ ಚಿತ್ರ ಬರೆದು ತಿಳಿಸಿದರು. ಸುತ್ತಲಿನದು ಕಾಣುತ್ತದೆ, ನಾನು ನೆಟ್ಟಗೆ ಎಲ್ಲಿ ನೋಡುತ್ತೇನೋ ಅಲ್ಲೇ ಮಸಿ ಮೆತ್ತಿದಂತಾಗುತ್ತದೆ. ಬಾಗಿಲು ಕಾಣುತ್ತದೆ, ಬಾಗಿಲಲ್ಲಿ ನಿಂತವರ ಮುಖ ಕಾಣುವುದಿಲ್ಲ. ಕನ್ನಡಕ ಬದಲಿಸಿದರೆ ಹೋಗುವ ರೋಗವಲ್ಲವಂತೆ. ಇರಲಿ. ಹೆರಿಗೆ ಆಸ್ಪತ್ರೆಯಲ್ಲಿ ಕರೆಂಟು ಹೋದಾಗ ಕೈ ಸ್ಪರ್ಶದಲ್ಲೇ ಕೆಲಸ ಮುಗಿಸಿದವಳು ನಾನು.

ನೀನು ಆ ದೂರದ ಊರಿನ ಹೊಸ ಬಟ್ಟೆ ಗಿರಣಿಗೆ ಹೊರಟ ದಿನ ನಾನು ಬಾಗಿಲವರೆಗೆ ಬರಲಿಲ್ಲ. ಮಂಡಿ ನೋವಿತ್ತು.

ವಿಷಯಕ್ಕೆ ಬರುತ್ತೇನೆ. ನಮ್ಮ ಅಂಚೆಚೀಟಿ ಸಂಘದವರು ಡಿಸೆಂಬರಿನಲ್ಲಿ ಪ್ರದರ್ಶನ ಮಾಡುತ್ತಾರೆ. ಇಷ್ಟು ವರ್ಷ ಬೇರೆಯವರದನ್ನು ನೋಡಿಕೊಂಡು ಬರುತ್ತಿದ್ದೆ. ಈ ಸಲ ಕಾರ್ಯದರ್ಶಿ ತಾನೇ ಮನೆಗೆ ಬಂದು, “ದೊಡ್ಡ ನರ್ಸಮ್ಮ, ನಿಮ್ದು ಒಂದು ಪೂರ್ತಿ ಚೌಕಟ್ಟು ಬೇಕು, ಹದಿನಾರು ಹಾಳೆ” ಎಂದರು. ಅವರು ಹಲ್ಲಿನ ಡಾಕ್ಟರು. ಹಲ್ಲನ್ನೂ ಚೀಟಿಯನ್ನೂ ಒಂದೇ ಭೂತಗನ್ನಡಿಯಲ್ಲಿ ನೋಡುತ್ತಾರೆಂದು ಸಂಘದಲ್ಲಿ ಅವರಿಗೆ ‘ಭೂತಗನ್ನಡಿ’ ಎಂದೇ ಹೆಸರು. ಕರೆ ಬಂದಿದ್ದು ಯಾವಾಗ ನೋಡು: ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ. ಆದರೂ ಒಪ್ಪಿಕೊಂಡಿದ್ದೇನೆ.

ಆಲ್ಬಮ್ಮನ್ನು ನಿನ್ನ ಕೈಗೆ ಯಾವತ್ತೂ ಕೊಟ್ಟವಳಲ್ಲ, ಹಾಗಾಗಿ ಮೊದಲಿನಿಂದ ಹೇಳುತ್ತೇನೆ. ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಜರ್ಮನಿ ದೂರದ ಸಮುದ್ರದಲ್ಲಿರುವ ಮಾರ್ಷಲ್ ದ್ವೀಪಗಳನ್ನು ತನ್ನದೆಂದಿತು. ಅಲ್ಲಿಗೆಂದು ಬೇರೆ ಚೀಟಿ ಮಾಡುವಷ್ಟು ಪುರುಸೊತ್ತಿರಲಿಲ್ಲ. ತನ್ನ ದೇಶದ ಚೀಟಿಯ ಮೇಲೆಯೇ ದ್ವೀಪದ ಹೆಸರನ್ನು ಓರೆಯಾಗಿ, ಕಪ್ಪು ಅಕ್ಷರದಲ್ಲಿ ಇನ್ನೊಮ್ಮೆ ಅಚ್ಚೊತ್ತಿ ಕಳಿಸಿತು. ಅದನ್ನು ನಾನು ಮೇಲಚ್ಚು ಎನ್ನುತ್ತೇನೆ. ಮೊದಲು ಬಂದವುಗಳಲ್ಲಿ ಮಾರ್ಷಲ್ ಎಂಬ ಹೆಸರಿನ ನಡುವೆ ಜರ್ಮನರ ಬರವಣಿಗೆಯ ‘ಸಿ’ ಅಕ್ಷರವಿತ್ತು. ಎರಡು ವರ್ಷದ ಮೇಲೆ ಬಂದವುಗಳಲ್ಲಿ ಅದನ್ನು ಕಿತ್ತರು. ‘ಸಿ’ ಇದ್ದವು, ‘ಸಿ’ ಇಲ್ಲದವು: ಇದೇ ನನ್ನ ಹದಿನಾರು ಹಾಳೆಯ ಕಥೆ.

ಈಗ ಆ ‘ಸಿ’ ನನಗೆ ಕಾಣುವುದಿಲ್ಲ. ನಿನ್ನ ಗಂಡನಿಗೆ ತೋರಿಸಿದರೆ ಚೀಟಿಯ ಮೇಲಿನ ಹದ್ದನ್ನು ನೋಡಿ “ಕೋಳೀನಾ ಅಮ್ಮಾ?” ಎಂದ. ನೀನು ಗಿರಣಿಯಲ್ಲಿ ಬಟ್ಟೆಯ ಬಣ್ಣ ಪರೀಕ್ಷಿಸುವವಳು. ನಿನ್ನ ಕೋಣೆಯಲ್ಲಿ ದೊಡ್ಡದು ಮಾಡಿ ತೋರಿಸುವ ಯಂತ್ರಗಳಿವೆ. ಎರಡೆರಡು ಹಾಳೆಯಂತೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸುತ್ತೇನೆ. ಒಂದೊಂದನ್ನೂ ನೋಡಿ, ಕಂಡದ್ದನ್ನು ಬರೆ. ದಪ್ಪಗೆ ಬರೆ. ಮಧ್ಯಾಹ್ನ ಬೇಕರಿಯಲ್ಲಿ ಗಿರಾಕಿ ಕಡಿಮೆಯಾದಾಗ ನಿನ್ನ ಗಂಡ ಓದಿ ಹೇಳುತ್ತಾನೆ.

ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರೆ. ನಿನ್ನ ಕಾಲ ಸ್ವಲ್ಪ ಬೇಗ ಬಂದಿದೆ ಅಷ್ಟೆ. ಹಿಗ್ಗಬೇಡ.

ಇತಿ,
ಅತ್ತೆ


ಜೂನ್ ೨೭

ಅತ್ತೆಯವರಿಗೆ ನಮಸ್ಕಾರಗಳು.

ನಾಲ್ಕು ಹಾಳೆ ಕ್ಷೇಮವಾಗಿ ತಲುಪಿವೆ. ಮಂಡಿ ನೋವು ಹೇಗಿದೆ?

ನನ್ನ ಮೇಲಧಿಕಾರಿ ಊಟದ ವಿರಾಮದಲ್ಲಿ ಸೂಕ್ಷ್ಮದರ್ಶಕ ಬಳಸಲು ಒಪ್ಪಿದ್ದಾರೆ. ಮೊದಲ ದಿನ “ಇಷ್ಟು ಚಿಕ್ಕ ಬಟ್ಟೆ ಯಾರದ್ದಮ್ಮಾ?” ಎಂದು ಕೇಳಿದರು. “ನಮ್ಮತ್ತೇದು” ಎಂದೆ. ಆಮೇಲೆ ಅವರೂ ಒಂದು ಕಣ್ಣು ಹಾಕಿ, ತಮ್ಮ ಊಟವನ್ನೇ ಮರೆತರು.

ಬರಿಗಣ್ಣಿಗೆ ಕಾಣುವ ಚೀಟಿಯೇ ಬೇರೆ, ಅಲ್ಲಿ ಕಾಣುವುದೇ ಬೇರೆ. ಕಪ್ಪು ಮಸಿ ಕಾಗದದ ನಾರಿನೊಳಗೆ ಇಳಿದದ್ದು, ಅಚ್ಚಿನ ಮೊಳೆ ಒತ್ತಿದ ಕಡೆ ಅಕ್ಷರದ ಅಂಚು ತುಸು ಉಬ್ಬಿದ್ದು, ಎಲ್ಲ ಕಾಣುತ್ತದೆ. ಮೂರರ ಬೆಲೆಯ ಕಂದು, ಐದರ ಹಸಿರು, ಹತ್ತರ ಕೆಂಪು ಇವುಗಳಲ್ಲಿ ‘ಸಿ’ ಇದ್ದವನ್ನು ಎಡಕ್ಕೂ ಇಲ್ಲದವನ್ನು ಬಲಕ್ಕೂ ಜೋಡಿಸಿದ್ದೇನೆ. ಒಂದು ಹಸಿರಿನಲ್ಲಿ ಮೇಲಚ್ಚು ಕೆಳಕ್ಕೆ ಜಾರಿ ಕೊನೆಯ ಅಕ್ಷರ ಅಂಚಿನ ತೂತುಗಳಿಗೆ ತಾಗಿದೆ. ಒಂದು ಕೆಂಪಿನಲ್ಲಿ ದ್ವೀಪದ ಹೆಸರಿನ ಎರಡು ಪದಗಳ ನಡುವಿನ ಅಡ್ಡಗೆರೆ ಸವೆದು ಚುಕ್ಕೆಯಂತಾಗಿದೆ. ಇವು ದೋಷವೇ, ವಿಶೇಷವೇ? ನಮ್ಮ ಗಿರಣಿಯಲ್ಲಾದರೆ ಇಂಥ ಬಟ್ಟೆಯನ್ನು ವಾಪಸು ಕಳಿಸುತ್ತೇವೆ.

ಮೊದಲ ಚೀಟಿಯನ್ನು ಬೆರಳಿನಲ್ಲಿ ಎತ್ತಿದೆ. ತಪ್ಪೆಂದು ಆಮೇಲೆ ಓದಿ ತಿಳಿಯಿತು. ಈಗ ಚಿಮಟ ಹಿಡಿಯಲು ಕಲಿತಿದ್ದೇನೆ.

ನಿಮ್ಮ ಸೊಸೆ


ಜುಲೈ ೨೦

ಸೊಸೆಗೆ ಆಶೀರ್ವಾದ.

ಬೆರಳಿನಲ್ಲಿ ಎತ್ತಿದೆ ಎಂಬ ಸಾಲನ್ನು ನಿನ್ನ ಗಂಡನ ಕೈಲಿ ಎರಡು ಸಲ ಓದಿಸಿದೆ. ಇನ್ನು ಮುಂದೆ ಇಂಥವನ್ನು ಮಾಡಬೇಡ. ಮಾಡಿದರೂ ಬರೆಯಬೇಡ.

ಅಡ್ಡಗೆರೆ ಸವೆದದ್ದು ವಿಶೇಷವೇ. ಬಟ್ಟೆಯಲ್ಲಿ ಕಲೆ, ಚೀಟಿಯಲ್ಲಿ ಕಳೆ! ಮೈಮೇಲಿನ ಮಚ್ಚೆ ನೋಡಿ ತಾಯಿ ಮಗುವಿನ ಗುರುತು ಹಿಡಿಯುವ ಹಾಗೆ ನಾವೂ ಹಿಡಿಯುತ್ತೇವೆ. ಆ ಕೆಂಪು ಚೀಟಿ ಎಷ್ಟೋ ವರ್ಷಗಳಿಂದ ನನ್ನ ಹತ್ತಿರ ಇದೆ. ಕಣ್ಣು ಚೆನ್ನಾಗಿದ್ದಾಗಲೂ ನಾನು ಆ ಚುಕ್ಕೆ ನೋಡಿರಲಿಲ್ಲ. ಭೂತಗನ್ನಡಿಯವರೂ ನೋಡಿರಲಿಲ್ಲ. ಇದನ್ನು ಹೊಗಳಿಕೆ ಎಂದುಕೊಳ್ಳಬೇಡ, ಇದ್ದದ್ದನ್ನು ಹೇಳಿದೆ.

“ಪರರ ಊರಿಗೆ ಹೋಗಿ ತನ್ನ ಹದ್ದನ್ನ ಕೂರಿಸಿದವರ ಚೀಟಿ ನಿಮಗ್ಯಾಕೆ?” ಎಂದು ಎದುರು ಮನೆಯ ಟೈಲರಮ್ಮ ಒಮ್ಮೆ ಕೇಳಿದ್ದಳು. ಹದ್ದಿಗಾಗಿ ನಾನು ಕೂಡಿಡುತ್ತಿಲ್ಲ. ಯಾರದೋ ಊರಿನ ಹೆಸರನ್ನು ಯಾರೋ ಒಮ್ಮೆ ಒಂದು ರೀತಿ ಬರೆದು, ಇನ್ನೊಮ್ಮೆ ತಿದ್ದಿ, ಎರಡು ಸಲವೂ ತಾವೇ ಸರಿ ಎಂದರಲ್ಲ, ಆ ಗತ್ತು ನೋಡಿ ನಗು ಬರುತ್ತದೆ. ಆಸ್ಪತ್ರೆಯ ಹಾಜರಿಯಲ್ಲಿ ನನ್ನ ಹೆಸರನ್ನೂ ಹೀಗೆಯೇ ತಪ್ಪಾಗಿ ಬರೆಯುತ್ತಿದ್ದರು. ದೊಡ್ಡ ನರ್ಸಾದ ಮೇಲೆ ಸರಿಯಾಯಿತು.

ಹದಿನೈದು ಹಾಳೆ ನಿನಗೆ ತಲುಪಿಯಾಯಿತು, ಈಗ ಕೊನೆಯ ಹಾಳೆ ಕಳಿಸುತ್ತಿದ್ದೇನೆ. ಅದರಲ್ಲಿ ಒಂದೇ ಚೀಟಿ. ಇಪ್ಪತ್ತರ ನೀಲಿ ಹದ್ದು, ‘ಸಿ’ ಇದ್ದದ್ದು, ದ್ವೀಪದ ಅಂಚೆ ಮೊಹರು ಬಿದ್ದದ್ದು. ಮೊಹರಿನ ವೃತ್ತದ ಒಂದು ತುಂಡು, ಕೊನೆಯ ‘ಟಿ’ ಅಕ್ಷರ, ಅಷ್ಟೇ ಕಾಣುತ್ತದೆ. ಅಲ್ಲಿನ ಅಂಚೆಮನೆ ಇದ್ದ ಊರು ಜಾಲುಯಿಟ್, ಅದರ ‘ಟಿ’. ಮನೆಯಲ್ಲಿ ಅದಕ್ಕೆ ‘ರಾಜ’ ಎಂದು ಹೆಸರು.

ನಾನು ದೊಡ್ಡ ನರ್ಸಾದ ದಿನ ನಿನ್ನ ಮಾವ ಅದನ್ನು ತಂದುಕೊಟ್ಟರು. ಅವರು ಲಿಫ್ಟ್ ರಿಪೇರಿ ಮಾಡುತ್ತಿದ್ದವರು, ಚೀಟಿಯ ಗಂಧಗಾಳಿ ಗೊತ್ತಿರಲಿಲ್ಲ. ನನಗೆ ‘ಸಿ’ ಇರುವುದು ಬೇಕೆಂದು ಮಾತ್ರ ಗೊತ್ತಿತ್ತು. ಕೆಲಸಕ್ಕೆ ಹೋದ ಕಟ್ಟಡಗಳಲ್ಲೆಲ್ಲ “ಇಲ್ಲಿ ಯಾರಾದ್ರೂ ಸ್ಟಾಂಪ್ ಇಟ್ಟಿದ್ದೀರಾ, ಸಿ ಇರೋದು?” ಎಂದು ಕೇಳುತ್ತಿದ್ದರಂತೆ. ಕೊನೆಗೆ ಯಾವುದೋ ಹಳೆಯ ಸಾಮಾನಿನ ಅಂಗಡಿಯಲ್ಲಿ ಸಿಕ್ಕಿತು. ಸಾಬೂನಿನ ಪೆಟ್ಟಿಗೆಯಲ್ಲಿ ಹತ್ತಿಯ ಮೇಲೆ ಮಲಗಿಸಿ ತಂದಿದ್ದರು, ಈಗತಾನೆ ಹುಟ್ಟಿದ ಕೂಸಿನ ಹಾಗೆ.

ಜೋಪಾನ.

ಇತಿ,
ಅತ್ತೆ


ಆಗಸ್ಟ್ ೪

ಅತ್ತೆಯವರಿಗೆ ನಮಸ್ಕಾರಗಳು.

ರಾಜ ಕ್ಷೇಮವಾಗಿ ಬಂದಿದ್ದಾನೆ. ಚಿಮಟದಲ್ಲಿಯೇ ಎತ್ತಿದೆ. ಇಲ್ಲಿ ಕೆಲಸ ಹೆಚ್ಚಿದೆ, ನೋಡಲು ಸ್ವಲ್ಪ ಸಮಯ ಬೇಕು. ಕಣ್ಣಿನ ಹನಿಗಳನ್ನು ತಪ್ಪದೆ ಹಾಕಿಕೊಳ್ಳಿ.

ನಿಮ್ಮ ಸೊಸೆ


ಸೆಪ್ಟೆಂಬರ್ ೧೬

ಅತ್ತೆಯವರಿಗೆ ನಮಸ್ಕಾರಗಳು.

ತಡವಾದದ್ದು ಕೆಲಸದಿಂದಲ್ಲ. ಈ ಪತ್ರವನ್ನು ಬರೆದು ಬರೆದು ಹರಿದಿದ್ದೇನೆ. ನಿಮ್ಮ ಮಗನಿಗೆ ಫೋನಿನಲ್ಲಿ ಹೇಳಿದಾಗ “ಹೇಳ್ಬೇಡ ಮಾರಾಯ್ತಿ, ಅಪ್ಪ ಹೋದ್ಮೇಲೆ ಅಮ್ಮನಿಗೆ ಉಳಿದಿರೋದು ಅದೊಂದೇ” ಎಂದರು. ಆದರೆ ನೋಡಿ ಬರೆ ಎಂದು ನೀವು ಕೇಳಿದ್ದೀರಿ. ಕಾಣದವರಿಗೆ ಕಂಡದ್ದನ್ನು ಬೇರೆಯಾಗಿ ಹೇಳಲು ನನ್ನಿಂದಾಗುವುದಿಲ್ಲ.

ನೀಲಿ ಚೀಟಿಯ ಮೇಲಚ್ಚು ನಿಜವಾದದ್ದಲ್ಲ, ಅತ್ತೆ.

ಸರಿಯಾದ ಚೀಟಿಯಲ್ಲಿ ಮೊದಲು ಹದ್ದು, ಅದರ ಮೇಲೆ ದ್ವೀಪದ ಹೆಸರು, ಎಲ್ಲಕ್ಕಿಂತ ಮೇಲೆ ಅಂಚೆಯ ಮೊಹರು ಇರಬೇಕು. ನಿಮ್ಮ ಉಳಿದ ಮೊಹರು ಬಿದ್ದ ಚೀಟಿಗಳೆಲ್ಲ ಹಾಗೆಯೇ ಇವೆ. ಇದರಲ್ಲಿ ಮೊಹರಿನ ‘ಟಿ’ ಅಕ್ಷರವನ್ನು ಮೇಲಚ್ಚಿನ ಒಂದು ಅಕ್ಷರ ದಾಟುತ್ತದೆ. ಅಲ್ಲಿ ಮೊಹರಿನ ಮಸಿ ಕೆಳಗಿದೆ, ಹೆಸರಿನ ಮಸಿ ಅದರ ಮೇಲೆ ಕೂತಿದೆ. ಬೆಳಕನ್ನು ನಾಲ್ಕೂ ದಿಕ್ಕಿನಿಂದ ಬಿಟ್ಟು ನೋಡಿದೆ. ನನ್ನ ಮೇಲಧಿಕಾರಿಗೆ ಏನೂ ಹೇಳದೆ ತೋರಿಸಿದೆ, ಅವರೂ ಅದನ್ನೇ ಹೇಳಿದರು. ಅಂದರೆ ಚೀಟಿ ಜರ್ಮನಿಯಲ್ಲೇ ಯಾವುದೋ ಊರಿನಲ್ಲಿ ಬಳಕೆಯಾಗಿ, ಮೊಹರು ಬಿದ್ದ ಎಷ್ಟೋ ಕಾಲದ ಮೇಲೆ ಯಾರೋ ದ್ವೀಪದ ಹೆಸರನ್ನು ಒತ್ತಿದ್ದಾರೆ. ಆ ‘ಟಿ’ ಯಾವ ಊರಿನ ಕೊನೆಯಕ್ಷರವೋ ಗೊತ್ತಿಲ್ಲ. ನೀಲಿಯೂ ನಿಮ್ಮ ಇತರ ಇಪ್ಪತ್ತರ ಚೀಟಿಗಳ ನೀಲಿಯಲ್ಲ, ತುಸು ಹಸಿರಿಗೆ ವಾಲುತ್ತದೆ. ಬಣ್ಣದ ವಿಷಯದಲ್ಲಿ ನನಗೆ ಸಂಶಯವಿಲ್ಲ.

ಚೀಟಿಯನ್ನೂ ಉಳಿದ ಹಾಳೆಗಳನ್ನೂ ಹಿಂದಕ್ಕೆ ಕಳಿಸುತ್ತಿದ್ದೇನೆ. ಪೆಟ್ಟಿಗೆಯಲ್ಲಿ ಹತ್ತಿ ಇಟ್ಟಿದ್ದೇನೆ.

ನಿಮ್ಮ ಸೊಸೆ


ಅಕ್ಟೋಬರ್ ೫

ನನ್ನ ಬಣ್ಣದ ಬುಡ್ಡಿಗೆ,

ಪತ್ರ ಬರೆದು ಅಭ್ಯಾಸವಿಲ್ಲ, ಕೈಯಲ್ಲಿ ಹಿಟ್ಟಿದೆ, ಕ್ಷಮಿಸು. ಫೋನಿನಲ್ಲಿ ಮಾತಾಡಿದರೆ ಅಮ್ಮನಿಗೆ ಕೇಳಿಸುತ್ತದೆ. ಕಣ್ಣು ಹೋದ ಮೇಲೆ ಅವಳ ಕಿವಿ ಬಾಗಿಲ ಸಂದಿಯಲ್ಲೂ ನುಗ್ಗುತ್ತದೆ.

ನಿನ್ನ ಪತ್ರ ಓದುವಾಗ ಆ ಭಾಗವನ್ನು ನುಂಗಿಬಿಟ್ಟೆ. “ಚೀಟಿ ಚೆನ್ನಾಗಿದೆ, ಹಿಂದಕ್ಕೆ ಕಳಿಸುತ್ತಿದ್ದೇನೆ” ಎಂದು ನನ್ನದೇ ಒಂದು ಸಾಲು ಸೇರಿಸಿದೆ. ಅಮ್ಮ “ಇಷ್ಟು ತೆಳ್ಳಗಿನ ಮಾತಿಗೆ ಎರಡು ಹಾಳೆ ಯಾಕೋ?” ಎಂದಳು. ಕಾಗದ ಕಿತ್ತುಕೊಂಡು ಎದುರು ಮನೆಗೆ ಹೋಗಿ ಟೈಲರಮ್ಮನ ಕೈಲಿ ಓದಿಸಿದಳು. ಆಲ್ಬಮ್ಮು ಬೀರುವಿನ ಮೇಲೆ ಹೋಗಿದೆ. ಭೂತಗನ್ನಡಿ ಬಂದರೆ ತಲೆನೋವು ಎಂದು ಒಳಗೆ ಮಲಗಿದಳು. ಊಟಕ್ಕೆ ಕರೆದರೆ ಬರುತ್ತಾಳೆ, ಉಂಡು ಎದ್ದು ಹೋಗುತ್ತಾಳೆ. ಬೈದರೂ ಆಗುತ್ತಿತ್ತು, ಬೈಯುತ್ತಿಲ್ಲ.

ನೀನು ಹೇಳಿದ್ದು ತಪ್ಪೆಂದು ನಾನು ಹೇಳುವುದಿಲ್ಲ. ನಾನು ನುಂಗಿದ್ದು ಸರಿಯೆಂದೂ ಹೇಳುವುದಿಲ್ಲ. ನೀನು ಏನನ್ನೂ ಬರೆಯಬೇಡ, ಸದ್ಯಕ್ಕೆ ಹಾಗೇ ಬಿಡು.

ನಿನ್ನವನೇ


ನವೆಂಬರ್ ೧೧

ಸೊಸೆಗೆ ಆಶೀರ್ವಾದ.

ನಿನ್ನ ಮೇಲೆ ಸಿಟ್ಟಿತ್ತು. ಹೇಳಿದ್ದಕ್ಕಲ್ಲ. ಹೇಳುವವರು ಯಾರಾದರೂ ಎದುರಿಗೆ ಕೂತು ಹೇಳಬಾರದೇ, ಅಷ್ಟು ದೂರ ಯಾಕಿರಬೇಕು ಎಂದು. ಆಸ್ಪತ್ರೆಯಲ್ಲಿ ಮಕ್ಕಳ ವಿಷಯದಲ್ಲಿ ಕೆಟ್ಟ ಸುದ್ದಿ ಇದ್ದಾಗ ನಾನು ತಾಯಿಯ ಮಂಚದ ಮೇಲೆ ಕೂತು, ಕೈ ಹಿಡಿದು ಹೇಳುತ್ತಿದ್ದೆ. ಆದರೆ ಹೇಳುತ್ತಿದ್ದೆ. ಒಂದು ಸಲವೂ ತಪ್ಪಿಸಿದವಳಲ್ಲ.

ಮೊನ್ನೆ ಆ ಪೆಟ್ಟಿಗೆ ತೆಗೆದುಕೊಂಡು ಭೂತಗನ್ನಡಿಯವರ ದವಾಖಾನೆಗೆ ಹೋದೆ. ಕಾಯುತ್ತಿದ್ದ ರೋಗಿಯೊಬ್ಬ ಕೆನ್ನೆ ಹಿಡಿದುಕೊಂಡೇ ಜಾಗ ಬಿಟ್ಟ, ಅವನ ತಾಯಿಗೆ ಹೆರಿಗೆ ಮಾಡಿಸಿದವಳು ನಾನೇ ಅಂತೆ. ಡಾಕ್ಟರು ಎರಡು ಕಡೆಯಿಂದ ನೋಡಿದರು. ಬಹಳ ಹೊತ್ತು ನೋಡಿದರು. ನನಗೆ ಅವರ ಮುಖ ಕಾಣುವುದಿಲ್ಲ, ಉಸಿರು ಕೇಳಿಸುತ್ತದೆ.

“ಅಸಲೀನೇ ದೊಡ್ಡ ನರ್ಸಮ್ಮ” ಎಂದರು. “ಹಾಗೇ ಇಡಿ. ಯಾರೇನು ಹೇಳ್ತಾರೆ?”

“ಸರಿ, ಅಸಲಿ ಅಂತ ಬರೆದು ಸಹಿ ಹಾಕಿ ಕೊಡ್ತೀರಾ?”

ಕುರ್ಚಿ ಕಿರುಗುಟ್ಟಿತು. ಕೊನೆಗೆ, “ನಿಮ್ಮೆಜಮಾನ್ರು ಪ್ರೀತಿಯಿಂದ ಕೊಟ್ಟಿದ್ದು ಅಲ್ವಾ, ಹೇಗೆ ಹೇಳ್ಲಿ?” ಎಂದರು. ಒಳ್ಳೆಯ ಮನುಷ್ಯ. ಹಲ್ಲು ಕೀಳುವಾಗಲೂ ನೋಯುವುದಿಲ್ಲ ಎಂದೇ ಹೇಳುತ್ತಾರೆ.

ಮನೆಗೆ ಬರುವ ದಾರಿಯಲ್ಲಿ ನಿನ್ನ ಮಾವನನ್ನು ನೆನೆದು ನಕ್ಕೆ. ಆ ಮನುಷ್ಯನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಸಿನಿಮಾಕ್ಕೆ ಹೋಗಿ ಬಂದು ಓವರ್‌ಟೈಮ್ ಎಂದರೆ ಜೇಬಿನಿಂದ ಟಿಕೆಟ್ಟು ತಾನೇ ಬೀಳುತ್ತಿತ್ತು. ಅವರಿಗೆ ಯಾರೋ ಟೋಪಿ ಹಾಕಿದ್ದಾರೆ. ಮೊಹರು ಬಿದ್ದ ಮೇಲೆ ಮೇಲಚ್ಚು! ಹೆರಿಗೆಯಾದ ಮೇಲೆ ಬಸಿರಾದ ಹಾಗೆ! ಇಷ್ಟು ವರ್ಷ ಕೂಸುಗಳನ್ನು ಎತ್ತಿದವಳಿಗೇ ಗೊತ್ತಾಗಲಿಲ್ಲ, ಲಿಫ್ಟಿನವರಿಗೆ ಹೇಗೆ ಗೊತ್ತಾಗಬೇಕು? ಊರೆಲ್ಲ ಹುಡುಕಿದ್ದು ನಿಜ, ತಂದದ್ದು ನಿಜ. ಅದಕ್ಕೆ ಯಾರ ಸಹಿಯೂ ಬೇಡ.

ಈಗ ಕೇಳು. ಹದಿನಾರನೆಯ ಹಾಳೆಯನ್ನು ತೆಗೆಯುವುದಿಲ್ಲ. ಅದೇ ಚೀಟಿ, ಅದೇ ಜಾಗ. ಮೇಲೆ ‘ನಕಲಿ’ ಎಂದು ದಪ್ಪಗೆ ಬರೆಯಬೇಕು. ಹೇಗೆ ಗೊತ್ತಾಯಿತೆಂದು ಮಗುವಿಗೂ ತಿಳಿಯುವಂತೆ ಕೆಳಗೆ ಇರಬೇಕು. ನೀನು ಯಂತ್ರದಲ್ಲಿ ಕಂಡದ್ದನ್ನು ದೊಡ್ಡದಾಗಿ ಚಿತ್ರ ಬರೆದು ಬಣ್ಣ ಹಾಕಿ ಕಳಿಸು. ಬೇಗ.

ಇತಿ,
ಅತ್ತೆ


ನವೆಂಬರ್ ೨೬

ಅತ್ತೆಯವರಿಗೆ ನಮಸ್ಕಾರಗಳು.

ನಿಮ್ಮ ಪತ್ರವನ್ನು ಗಿರಣಿಯ ಮೆಟ್ಟಿಲ ಮೇಲೆಯೇ ಕೂತು ಓದಿದೆ. ಒಳಗೆ ಹೋಗುವಾಗ ಮೇಲಧಿಕಾರಿ “ಕಣ್ಣಿಗೆ ಬಣ್ಣ ಬಿತ್ತಾ?” ಎಂದರು. ಹೌದೆಂದೆ.

ಚಿತ್ರ ಇದರ ಜೊತೆಗಿದೆ, ಚೀಟಿಗಳನ್ನು ಕಳಿಸುವ ಮೊದಲು ಯಂತ್ರದಲ್ಲಿ ತೆಗೆದಿಟ್ಟ ಫೋಟೋಗಳನ್ನು ನೋಡಿ ಬರೆದದ್ದು. ‘ಟಿ’ಯನ್ನು ಅಂಗೈಯಷ್ಟು ದೊಡ್ಡದಾಗಿ ಬರೆದಿದ್ದೇನೆ. ನೋಡಲು ಸುಲಭವಾಗಲೆಂದು ಮೊಹರನ್ನು ಬೂದು, ಮೇಲಚ್ಚನ್ನು ಕಪ್ಪು ಮಾಡಿದ್ದೇನೆ. ಪಕ್ಕದಲ್ಲಿ ನಿಮ್ಮ ಸಾಚಾ ಹಸಿರು ಚೀಟಿಯ ಚಿತ್ರವನ್ನೂ ಅದೇ ಅಳತೆಯಲ್ಲಿ ಇಟ್ಟಿದ್ದೇನೆ, ಯಾವುದು ಮೇಲೆ ಯಾವುದು ಕೆಳಗೆ ಎಂದು ನೋಡಿದೊಡನೆ ತಿಳಿಯುತ್ತದೆ. ಎರಡು ನೀಲಿಗಳನ್ನು ಕಲೆಸಿ ಹೊಂದಿಸಲು ನಮ್ಮ ಕೋಣೆಯ ಎಲ್ಲರೂ ಕೈ ಹಾಕಿದರು. ಗಿರಣಿಯ ಒಂದು ಥಾನು ಬಟ್ಟೆಗೂ ನಾವು ಇಷ್ಟು ಒದ್ದಾಡಿರಲಿಲ್ಲ.

ಪ್ರದರ್ಶನಕ್ಕೆ ಬರಲಾಗುವುದಿಲ್ಲ. ಅದೇ ವಾರ ಹೊಸ ಯಂತ್ರ ಶುರುವಾಗುತ್ತದೆ.

ಒಂದು ಮನವಿ. ಹಾಳೆಯಲ್ಲಿ ನನ್ನ ಸುದ್ದಿ ಬೇಡ. ಮಾವನವರ ಚೀಟಿಯನ್ನು ನಕಲಿಯೆಂದು ಬೀಳಿಸಿದವಳು ಎಂದು ನಾಲ್ಕು ಜನ ನೋಡುವುದು ನನಗೆ ಬೇಡ.

ನಿಮ್ಮ ಸೊಸೆ


ಡಿಸೆಂಬರ್ ೨೧

ಸೊಸೆಗೆ ಆಶೀರ್ವಾದ.

ಅತ್ತೆ ಸೊಸೆಯ ಮಾತು ಕೇಳಬೇಕೆಂದು ಯಾವ ಶಾಸ್ತ್ರದಲ್ಲಿ ಬರೆದಿದೆ? ಹದಿನಾರನೆಯ ಹಾಳೆಯ ಕೆಳಗೆ “ಪತ್ತೆ ಮಾಡಿದವಳು, ಚಿತ್ರ ಬರೆದವಳು: ನನ್ನ ಸೊಸೆ” ಎಂದು ಟೈಲರಮ್ಮನ ಕೈಲಿ ಬರೆಸಿದೆ. ಅವಳ ಅಕ್ಷರ ಹೊಲಿಗೆಯಷ್ಟೇ ನೀಟು.

ಗ್ರಂಥಾಲಯದ ಮೇಲಿನ ಮಹಡಿಯಲ್ಲಿ ಪ್ರದರ್ಶನ. ಉದ್ದನೆಯ ಕೋಣೆ, ಎರಡೂ ಕಡೆ ಗಾಜಿನ ಚೌಕಟ್ಟುಗಳು, ಮೇಣ ಉಜ್ಜಿದ ನೆಲದ ವಾಸನೆ. ನಿನ್ನ ಗಂಡ ಬೇಕರಿ ಮುಚ್ಚಿ ಬಂದಿದ್ದ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದಾನೆಂದು ಟೈಲರಮ್ಮ ಹೇಳಿದಳು, ನಾನು ನಂಬಲಿಲ್ಲ, ಮುಟ್ಟಿ ನೋಡಿದೆ.

ತೀರ್ಪು ಹೇಳಲು ಹೊರಗಿನಿಂದ ಒಬ್ಬ ಹೆಂಗಸು ಬಂದಿದ್ದರು. ಗಡಸು ದನಿ, ಬೂಟಿನ ಸದ್ದೂ ಗಡಸು. ನನ್ನ ಚೌಕಟ್ಟಿನ ಮುಂದೆ ಆ ಬೂಟು ಸರಸರ ನಡೆಯಿತು. ಮೊದಲ ಸಾಲು, ಎರಡನೆಯ ಸಾಲು. ಸವೆದ ಅಡ್ಡಗೆರೆಯ ಹತ್ತಿರ ಒಮ್ಮೆ ನಿಂತು “ಹ್ಞೂಂ” ಎಂದಿತು. ಕೊನೆಯ ಹಾಳೆಗೆ ಬಂದಾಗ ಸದ್ದೇ ನಿಂತುಹೋಯಿತು. ಹಿಂದೆ ನಿಂತಿದ್ದ ಭೂತಗನ್ನಡಿಯವರ ಉಸಿರೂ ನಿಂತಿತು.

“ಈ ಹಾಳೆ ನಿಮ್ದೇನಾ?”

“ನಂದೇ.”

“ಇದನ್ನ ಯಾಕೆ ಇಟ್ರಿ? ನಕಲಿ ಅಂತ ಗೊತ್ತಾದ ಮೇಲೆ ತೆಗೆದು ಬೇರೆ ಏನಾದ್ರೂ ಇಟ್ಟಿದ್ರೆ ನಿಮಗೇ ಒಳ್ಳೇದಿತ್ತು.”

“ತೆಗೆದಿದ್ರೆ ನನ್ನ ಸೊಸೆ ಕೆಲಸಾನ ಎಲ್ಲಿ ತೋರಿಸ್ಲಿ?” ಎಂದೆ.

ಆಕೆ ಕೆಳಗಿನ ಸಾಲನ್ನು ಗಟ್ಟಿಯಾಗಿ ಓದಿದರು. ಆಮೇಲೆ “ನಿಮ್ಮ ಸೊಸೆ ಎಲ್ಲಿ?” ಎಂದರು. “ಗಿರಣಿಯಲ್ಲಿ ಹೊಸ ಯಂತ್ರ ಶುರು ಮಾಡ್ತಿದ್ದಾಳೆ, ಅವಳಿಲ್ದೆ ಆಗಲ್ಲ” ಎಂದೆ. ಇದು ಪೂರ್ತಿ ನಿಜವೋ ಗೊತ್ತಿಲ್ಲ, ನೀನು ನಿಜ ಮಾಡಿಕೋ.

ನಮಗೆ ಕಂಚು ಬಂತು. ಚಿನ್ನ ಸೇತುವೆ ಚಿತ್ರದ ಚೀಟಿಗಳನ್ನಿಟ್ಟವರಿಗೆ, ಬೆಳ್ಳಿ ಭೂತಗನ್ನಡಿಯವರಿಗೆ. ಹದಿನೈದು ಹಾಳೆಗೆ ಬೆಳ್ಳಿ ಕೊಡಬಹುದಿತ್ತು, ಆದರೆ ಮುಖ್ಯ ಚೀಟಿಯೇ ಇಲ್ಲವಲ್ಲ ಎಂದರು. ನ್ಯಾಯವಾದ ಮಾತು. ಆಮೇಲೆ ಆಕೆಯೇ ಬಂದು, ನಿನ್ನ ಚಿತ್ರದ ಫೋಟೋ ತೆಗೆದುಕೊಳ್ಳಲು ಅನುಮತಿ ಕೇಳಿದರು, ಹೊಸಬರಿಗೆ ಪಾಠ ಹೇಳುವಾಗ ತೋರಿಸುತ್ತಾರಂತೆ. “ಕೆಳಗಿನ ಸಾಲೂ ಬರ್ಬೇಕು, ಕತ್ತರಿಸೋ ಹಾಗಿಲ್ಲ” ಎಂದೆ. ಒಪ್ಪಿದರು.

ಚಿನ್ನದ ಚೌಕಟ್ಟಿನ ಮುಂದೆ ಜನ ಬಂದು ಹೋಗುತ್ತಿದ್ದರು. ನಮ್ಮದರ ಮುಂದೆ ಬಂದವರು ನಿಂತರು. ಯಾರೋ ಕುರ್ಚಿ ತಂದರು, ಕೂರಲಿಲ್ಲ. ಇದು ಮೊಹರು, ಇದು ಹೆಸರು, ಯಾವುದು ಮೇಲಿರಬೇಕು ಹೇಳಿ ನೋಡೋಣ ಎಂದು ಕೇಳುತ್ತಾ ನಿಂತೆ. ಹಾಳೆ ನನಗೆ ಕಾಣುವುದಿಲ್ಲ, ಆದರೆ ನಿನ್ನ ಚಿತ್ರದ ಪ್ರತಿಯೊಂದು ಗೆರೆ ಎಲ್ಲಿದೆ ಎಂದು ಗೊತ್ತು, ಬೆರಳಿಟ್ಟು ತೋರಿಸಿದೆ. ಭೂತಗನ್ನಡಿಯವರು ಮರುದಿನ ತಮ್ಮ ಆಲ್ಬಮ್ಮು ಹೊತ್ತು ಮನೆಗೆ ಬಂದರು. “ನಿಮ್ಮ ಸೊಸೆ ಊರಿಗೆ ಬಂದಾಗ ಇವನ್ನೂ ಒಂದ್ಸಲ…” ಎಂದರು. ಸಂಘದಲ್ಲಿ ಇನ್ನೂ ಮೂವರು ಕೇಳಿದ್ದಾರೆ. ನಿನಗೆ ರಜೆ ಸಿಕ್ಕಾಗ ನೋಡೋಣ, ಪುರುಸೊತ್ತು ಕಡಿಮೆ ಎಂದು ನಾನೇ ಸ್ವಲ್ಪ ಬಿಗಿ ಮಾಡಿ ಹೇಳಿದ್ದೇನೆ.

ಗಂಟಲು ಕಟ್ಟಿದೆ, ಬಿಸಿನೀರು ಕುಡಿಯುತ್ತಿದ್ದೇನೆ. ಬೆಳಿಗ್ಗೆ ಬೇಕರಿಯ ಗಲ್ಲಾದ ಹತ್ತಿರ ಕೂತಿದ್ದಾಗ ಯಾರೋ ಒಬ್ಬರು ಬನ್ನು ಕೊಳ್ಳಲು ಬಂದರು. ಅವರಿಗೂ ಮೊದಲಿನಿಂದ ಹೇಳಿದೆ. ಪಾಪ, ಬನ್ನು ಆರಿ ತಣ್ಣಗಾಗುವವರೆಗೂ ನಿಂತು ಕೇಳಿದರು. ಹೋಗುವಾಗ “ನಿಮ್ಮ ಮಗಳಾ?” ಎಂದರು. “ಅಲ್ಲ, ಸೊಸೆ” ಎಂದೆ. ಆ ಮಾತನ್ನು ಹೇಳುವಾಗ ನನ್ನ ದನಿ ಹೇಗಿತ್ತೋ, ನಿನ್ನ ಗಂಡ ಒಲೆಯ ಹತ್ತಿರದಿಂದ ಎದ್ದು ಬಂದು ನನ್ನ ಮುಖ ನೋಡಿದ.

ಇತಿ,
ನಿನ್ನ ಅತ್ತೆ